ಟ್ರೇಡ್ ಲೈಸೆನ್ಸ್ ಇಲ್ದಿದ್ರೆ ಮೈಸೂರಲ್ಲಿ ಪಾಲಿಕೆಯವ್ರು ಏಕಾಏಕಿ ಬಂದು ಅಂಗಡಿಗೆ ಬೀಗ ಹಾಕ್ತಾರಾ?

ಕುವೆಂಪುನಗರದಲ್ಲಿ ಟಿಫನ್ ಸೆಂಟರ್ ಇಡೋಣ ಅಂತಿದೀನಿ, ಪಕ್ಕದ ರೋಡಲ್ಲಿ ಒಂದು ಅಂಗಡಿ ಸೀಲ್ ಆಗಿದ್ದು ನೋಡಿ ಭಯ ಆಗ್ತಿದೆ ಅಂತ ಕೇಳಿದೀರಿ. ನಾನು ಇದೇ ಊರಲ್ಲಿ ಬೇಕರಿ ನಡೆಸ್ತೀನಿ, ನಮ್ಮಪ್ಪನ ಕಾಲದಿಂದ ಇರೋ ಅಂಗಡಿ, ಹಾಗಾಗಿ ಗೊತ್ತಿರೋದು ಹೇಳ್ತೀನಿ.

ಬೀಗ ಸಾಮಾನ್ಯವಾಗಿ ಕೊನೇ ಹಂತ. 1976ರ ಕಾರ್ಪೊರೇಷನ್ ಕಾಯ್ದೆಯ 353ನೇ ಸೆಕ್ಷನ್ ಪ್ರಕಾರ ಹೋಟ್ಲು, ಬೇಕರಿ ಥರದ್ದಕ್ಕೆಲ್ಲ ಉದ್ದಿಮೆ ಪರವಾನಗಿ, ಅಂದ್ರೆ ಈ ಟ್ರೇಡ್ ಲೈಸೆನ್ಸ್, ಬೇಕೇ ಬೇಕು, ಇದನ್ನ ನೋಡ್ಕೊಳ್ಳೋದು ಆರೋಗ್ಯ ವಿಭಾಗ. ಆದ್ರೆ ಇಷ್ಟು ದೊಡ್ಡ ಊರಲ್ಲಿ ಹೆಲ್ತ್ ಇನ್ಸ್‌ಪೆಕ್ಟರ್ ಪ್ರತಿ ಅಂಗಡಿಗೂ ದಿನಾ ಬರೋಕಾಗಲ್ಲ, ಬರೋದು ಹೆಚ್ಚಾಗಿ ಯಾರಾದ್ರೂ ದೂರು ಕೊಟ್ಟಾಗ, ಅದರಲ್ಲೂ ಹೋಟ್ಲು ಅಂದ್ರೆ ಮೇಲಿನ ಮನೆಯವ್ರಿಗೆ ಹೊಗೆ ಹೋಗೋದು, ಎಣ್ಣೆ ಜಿಡ್ಡೆಲ್ಲ ಯುಜಿಡಿಗೆ (ಒಳಚರಂಡಿಗೆ) ಬಿಟ್ಟು ರೋಡಲ್ಲಿ ಉಕ್ಕೋದು, ರಾತ್ರಿ ಕಸ ಮೂಲೇಲಿ ಸುರಿಯೋದು, ಇವೇ. ಮೊದ್ಲು ಚಿಮಣಿಗೂ ಜಿಡ್ಡು ಹಿಡಿಯೋ ಚೇಂಬರ್‌ಗೂ ದುಡ್ಡು ಹಾಕಿ, ಬೋರ್ಡು ಲೈಟಿಂಗ್ ಆಮೇಲೆ ನೋಡ್ಕೊಳ್ಳಿ.

ನೋಟಿಸ್ ಬಂತು ಅಂದ್ಕೊಳ್ಳಿ, ಅದನ್ನ ಗಲ್ಲಾಪೆಟ್ಟಿಗೇಲಿ ಹಾಕಿ ಮರೀಬೇಡಿ ದಯವಿಟ್ಟು. ಲೈಸೆನ್ಸೇ ಇಲ್ಲ ಅಂತಿದ್ಯಾ, ರಿನ್ಯೂವಲ್ ಆಗಿಲ್ಲ ಅಂತಾ, ಸ್ವಚ್ಛತೆ ವಿಷ್ಯಾನಾ ಸರಿಯಾಗಿ ಓದಿ, ಕೊಟ್ಟಿರೋ ಗಡುವಿನ ಒಳಗೆ ಉತ್ತರ ಬರ್ದು ವಲಯ ಕಚೇರೀಲಿ ಕೊಟ್ಟು ಇನ್ನೊಂದು ಕಾಪಿ ಮೇಲೆ ಸೀಲು ತಾರೀಖು ಹಾಕಿಸ್ಕೊಳ್ಳಿ. ನಮ್ಮ ಕಡೆ ಎಷ್ಟೋ ಜನ ಬಾಯಲ್ಲಿ 'ಮಾಡಿಸ್ತೀನಿ ಸಾರ್' ಅಂದು ಕಳಿಸ್ತಾರೆ, ಆ ಮಾತು ಫೈಲಲ್ಲಿ ಇರಲ್ಲ, ಮುಂದಿನ ಸಲ ಬಂದವ್ರಿಗೆ ಕಾಣೋದು ಉತ್ತರ ಕೊಡದ ನೋಟಿಸ್ ಒಂದೇ. ಯಾರಿಗೇ ದುಡ್ಡು ಕಟ್ಟಿದ್ರೂ ರಸೀದಿ ಇಲ್ದೆ ಕಟ್ಬೇಡಿ, ಇದನ್ನ ಕೈಮುಗಿದು ಹೇಳ್ತೀನಿ.

ಲೈಸೆನ್ಸಿಗೆ ಅರ್ಜಿ ಹಾಕಿದಾಗ ಸಕಾಲ ನಂಬರ್ ಕೇಳಿ ಇಸ್ಕೊಳ್ಳಿ, ಸರ್ಕಾರಿ ಕೆಲಸ ಗೊತ್ತುಪಡಿಸಿದ ದಿನದೊಳಗೆ ಆಗ್ಬೇಕು ಅನ್ನೋ ಕಾಯ್ದೆ ಅದು. 2011ರ ಆ ಕಾಯ್ದೇಲಿ ತಡ ಆದ್ರೆ ದಿನಕ್ಕೆ 20 ರೂಪಾಯಿ ಲೆಕ್ಕದಲ್ಲಿ 500ರವರೆಗೆ ಪರಿಹಾರ ಇದೆ, ದುಡ್ಡು ಸಣ್ಣದು ನಿಜ, ಆದ್ರೆ ನಂಬರ್ ಇದ್ರೆ ಫೈಲ್ ಎಲ್ಲಿದೆ ಅಂತ ಧೈರ್ಯವಾಗಿ ಕೇಳ್ಬೋದು. ಲೈಸೆನ್ಸು ಆ ಕಟ್ಟಡಕ್ಕೆ, ಆ ವ್ಯಾಪಾರಕ್ಕೆ ಮಾತ್ರ, ಟೀ ಅಂಗಡಿಗೆ ತಗೊಂಡು ಚೈನೀಸ್ ಶುರು ಮಾಡಿದ್ರೆ ಆ ಲೈಸೆನ್ಸ್ ಅದಕ್ಕೆ ಬರಲ್ಲ. ಎಫ್‌ಎಸ್‌ಎಸ್‌ಎಐ ಅಂದ್ರೆ ಆಹಾರ ಸುರಕ್ಷತಾ ಪ್ರಾಧಿಕಾರದ್ದು, ಕಾರ್ಮಿಕ ಇಲಾಖೆದು, ಈ ಎರಡು ನೋಂದಣಿನೂ ಪ್ರತ್ಯೇಕ. ಬೋರ್ಡಲ್ಲಿ ಕನ್ನಡ 60% ಇರ್ಲಿ.

ಇನ್ನೊಂದು ಮಾತು, ನಿಮ್ಮ ಮುಂದೆ ಗಾಡಿ ಇಟ್ಕೊಂಡಿರೋ ಇಡ್ಲಿ ಅಕ್ಕನಿಗೆ ಲೈಸೆನ್ಸ್ ಇಲ್ಲ ಅಂತ ದೂರು ಕೊಡೋಕೆ ಹೋಗ್ಬೇಡಿ. ಬೀದಿ ವ್ಯಾಪಾರಿಗಳಿಗೆ 2014ರ ಕಾಯ್ದೆ ಬೇರೆನೇ ಇದೆ, ಅವ್ರನ್ನ ಹಾಗೆ ಸುಮ್ನೆ ಎಬ್ಬಿಸೋ ಹಾಗಿಲ್ಲ.

ಮತ್ತೆ ಮಳಿಗೆ ಓನರ್‌ಗೆ ಅಡ್ವಾನ್ಸ್ ಕೊಡೋ ಮುಂಚೆ ಈ ವರ್ಷದ ಕಂದಾಯ ರಸೀದಿ ತೋರ್ಸಿ ಅಂತ ಕೇಳಿ, ಕಟ್ಟಡದ ತೆರಿಗೆ ಬಾಕಿ ಇದ್ರೆ ನಿಮ್ಮ ಅರ್ಜಿನೂ ಅಲ್ಲೇ ಸಿಕ್ಕಾಕೊಳ್ಳೋ ಸಾಧ್ಯತೆ ಜಾಸ್ತಿ.