ಫೋನಿನಿಂದ ಡಿಲೀಟ್ ಆದ ನಂಬರ್‌ಗಳನ್ನು ವಾಪಸ್ ಪಡೆಯುವುದು ಹೇಗೆ?

ಕೈತಪ್ಪಿ ಒಂದೆರಡು ನಂಬರ್ ಅಳಿಸಿದಿರೋ, ಪೂರ್ತಿ ಪಟ್ಟಿಯೇ ಹೋಯಿತೋ, ಗಾಬರಿ ಬೇಡ. ಮೊದಲು ಒಂದು ವಿಷಯ ನೆನಪು ಮಾಡಿಕೊಳ್ಳಿ: ಆ ನಂಬರ್‌ಗಳು ಎಲ್ಲಿ ಸೇವ್ ಆಗಿದ್ದವು?

ಗೂಗಲ್ ಖಾತೆಯಲ್ಲಿದ್ದರೆ ಕೆಲಸ ಸುಲಭ. ಗೂಗಲ್ ಕಾಂಟ್ಯಾಕ್ಟ್ಸ್ ಆ್ಯಪ್‌ನಲ್ಲಿ ಅಳಿಸಿದ್ದು ಅದರದೇ ಕಸದ ಬುಟ್ಟಿಯಲ್ಲಿ 30 ದಿನ ಇರುತ್ತದೆ. ಅಲ್ಲಿಂದ ಎತ್ತಿಕೊಂಡರಾಯಿತು. ಬೇರೆ ಆ್ಯಪ್‌ನಿಂದ ಅಳಿಸಿದ್ದರೆ ಬುಟ್ಟಿಯಲ್ಲಿ ಸಿಗದೇ ಇರಬಹುದು. ಆಗ ಕಂಪ್ಯೂಟರ್‌ನಲ್ಲಿ ಗೂಗಲ್ ಕಾಂಟ್ಯಾಕ್ಟ್ಸ್ ತೆರೆದು, ಸೆಟ್ಟಿಂಗ್ಸ್‌ನಲ್ಲಿ 'ಅನ್‌ಡೂ ಚೇಂಜಸ್' ಒತ್ತಿ. ಹತ್ತು ನಿಮಿಷ, ಒಂದು ಗಂಟೆ, ನಿನ್ನೆ, ಒಂದು ವಾರ, ಹೀಗೆ 30 ದಿನದೊಳಗಿನ ಯಾವ ಹೊತ್ತಿಗೆ ಬೇಕಾದರೂ ಪಟ್ಟಿಯನ್ನು ಹಿಂದಕ್ಕೆ ಒಯ್ಯಬಹುದು. ಆದರೆ ಹುಷಾರು! ಆ ಹೊತ್ತಿನ ನಂತರ ಹೊಸದಾಗಿ ಸೇರಿಸಿದ ನಂಬರ್‌ಗಳು ಹೊರಟುಹೋಗುತ್ತವೆ. ಅದಕ್ಕೇ ಮೊದಲು 'ಎಕ್ಸ್‌ಪೋರ್ಟ್' ಮಾಡಿ ಈಗಿನ ಪಟ್ಟಿಯ ಒಂದು ಪ್ರತಿ ಇಟ್ಟುಕೊಳ್ಳಿ.

ಐಫೋನ್ ಇದ್ದು ಐಕ್ಲೌಡ್ ಬಳಸುತ್ತಿದ್ದರೆ, ಐಕ್ಲೌಡ್ ವೆಬ್‌ಸೈಟಿನ 'ಡೇಟಾ ರಿಕವರಿ'ಯಲ್ಲಿ ಹಳೆಯ ಪಟ್ಟಿ ಸಿಗುತ್ತದೆ.

ಸಿಮ್‌ನಲ್ಲಿ ಮಾತ್ರ ಇದ್ದದ್ದು ಅಳಿಸಿಹೋಗಿದ್ದರೆ ಕಷ್ಟವೇ. ಆದರೂ ವಾಟ್ಸಾಪ್ ಹಳೆಯ ಚಾಟ್‌ಗಳಲ್ಲಿ, ಕರೆಗಳ ಪಟ್ಟಿಯಲ್ಲಿ ಹುಡುಕಿ, ಹೆಸರು ಹೋದರೂ ಬರೀ ನಂಬರ್ ಉಳಿದಿರುತ್ತದೆ. ನಮ್ಮತ್ತೆಯ ಅರ್ಧ ಬಳಗ ವಾಪಸ್ ಸಿಕ್ಕಿದ್ದು ಹಾಗೇ. 'ರಿಕವರಿ' ಹೆಸರಿನ ಸಿಕ್ಕಸಿಕ್ಕ ಆ್ಯಪ್ ಹಾಕಿಕೊಂಡು ಸುಮ್ನೆ ಇರುವ ನಂಬರ್‌ಗಳನ್ನೂ ಅಪರಿಚಿತರ ಕೈಗೆ ಕೊಡಬೇಡಿ.