ಯುಕುಲೆಲೆಗೆ ಕರೆಂಟು: ನೀವು ಕೇಳಿದ್ದು, ನಾನು ಹೇಳಿದ್ದು

ಹೋದ ಸಂಚಿಕೆಯಲ್ಲಿ ಮನೆಯಲ್ಲೇ ಕಟ್ಟುವ ಎಲೆಕ್ಟ್ರಿಕ್ ಯುಕುಲೆಲೆ (ನಾಲ್ಕು ತಂತಿಯ, ಪುಟ್ಟ ಗಿಟಾರಿನಂಥ ವಾದ್ಯ) ಬಗ್ಗೆ ನಾಲ್ಕು ಸಾಲು ಬರೆದಿದ್ದೆ. ಅಷ್ಟಕ್ಕೇ ರೇಡಿಯೋ, ಮಿಕ್ಸಿ, ಇನ್ವರ್ಟರ್ ಪ್ರಶ್ನೆಗಳೆಲ್ಲ ಪಕ್ಕಕ್ಕೆ ಸರಿದು ಬರೀ ಈ ನಾಲ್ಕು ತಂತಿಯದೇ ಪತ್ರಗಳು. ಹಾಗಾಗಿ ಈ ತಿಂಗಳ ಅಂಕಣ ಪೂರ್ತಿ ಅದಕ್ಕೇ. ಮಿಕ್ಸಿಯವರು ಸ್ವಲ್ಪ ತಡೆದುಕೊಳ್ಳಿ.

ಪ್ರಶ್ನೆ: ಮಗಳು ಆಫೀಸಿನಿಂದ ಬಂದು ಊಟ ಮುಗಿಸಿ ರಾತ್ರಿ ಹನ್ನೊಂದಕ್ಕೆ ಯುಕುಲೆಲೆ ಹಿಡಿಯುತ್ತಾಳೆ. ಪಕ್ಕದ ಮನೆಯವರು ಗೋಡೆ ಬಡಿಯುತ್ತಾರೆ. ಈಗ ಎಲೆಕ್ಟ್ರಿಕ್ ಬೇಕಂತೆ. ಸದ್ದು ಇನ್ನೂ ಜಾಸ್ತಿ ಆಗಲ್ವಾ? (ಗೃಹಿಣಿ, ಡೊಂಬಿವಿಲಿ)

ಉತ್ತರ: ಕಮ್ಮಿ ಆಗುತ್ತದೆ ಅಕ್ಕ, ಹೆದರಬೇಡಿ. ಮಾಮೂಲಿ ಯುಕುಲೆಲೆಯಲ್ಲಿ ಸದ್ದು ಮಾಡುವುದು ತಂತಿಯಲ್ಲ, ಅದರ ಟೊಳ್ಳು ಪೆಟ್ಟಿಗೆ. ಎಲೆಕ್ಟ್ರಿಕ್‌ಗೆ ಆ ಪೆಟ್ಟಿಗೆಯೇ ಬೇಡ. ಒಂದು ಗಟ್ಟಿ ಹಲಗೆ ಸಾಕು. ಪ್ಲಗ್ ಹಾಕದೆ ನುಡಿಸಿದರೆ ಪಕ್ಕದ ಕೋಣೆಗೂ ಕೇಳಿಸುವುದಿಲ್ಲ. ನಮ್ಮ ಒನ್ ಬಿಎಚ್‌ಕೆ ಗೋಡೆಗಳಿಗೆ ಇದಕ್ಕಿಂತ ಒಳ್ಳೆ ವಾದ್ಯ ಇನ್ನೊಂದಿಲ್ಲ ಅಂತ ನನ್ನ ಅಭಿಪ್ರಾಯ.

ಮಗಳು ಕೇಳಬೇಕಲ್ಲ, ಅದಕ್ಕೆ ಹೆಡ್‌ಫೋನ್. ಎಲ್‌ಎಂ386 ಅಂತ ಒಂದು ಎಂಟು ಕಾಲಿನ ಐಸಿ ಇದೆ. 9 ವೋಲ್ಟ್ ಬ್ಯಾಟರಿಯಲ್ಲಿ ನಡೆಯುತ್ತದೆ. 1 ಮತ್ತು 8ನೇ ಕಾಲುಗಳನ್ನು ಹಾಗೇ ಬಿಟ್ಟರೆ ಸಿಗ್ನಲ್ಲನ್ನು 20 ಪಟ್ಟು ಹೆಚ್ಚಿಸುತ್ತದೆ. ಆ ಎರಡರ ನಡುವೆ 10 ಮೈಕ್ರೋಫ್ಯಾರಡ್ ಕೆಪಾಸಿಟರ್ ಹಾಕಿದರೆ 200 ಪಟ್ಟು. ಹೆಡ್‌ಫೋನಿಗೆ 20 ಧಾರಾಳ ಆಯ್ತು. ಕಿವಿಗೆ ಹಾಕುವ ಮೊದಲು ವಾಲ್ಯೂಮ್ ಪೂರ್ತಿ ಇಳಿಸಿರಬೇಕು ಅಂತ ಮಾತ್ರ ಅವಳಿಗೆ ಹೇಳಿ.

ಪ್ರಶ್ನೆ: ಅಂಕಲ್, ಹಳೇ ಎಲೆಕ್ಟ್ರಿಕ್ ಗಿಟಾರಿನ ಪಿಕಪ್ ಬಿಚ್ಚಿ ನನ್ನ ಯುಕುಲೆಲೆಗೆ ಅಂಟಿಸಿದೆ. ಆಂಪ್ ಬರೀ ಗುಂಯ್ ಅನ್ನುತ್ತೆ, ತಂತಿ ಮೀಟಿದರೆ ಏನೂ ಇಲ್ಲ. ಪಿಕಪ್ ಕೆಟ್ಟಿದೆಯಾ? (ಕಾಲೇಜು ವಿದ್ಯಾರ್ಥಿ, ಮುಲುಂಡ್)

ಉತ್ತರ: ಪಿಕಪ್ಪಿಗೆ ಏನೂ ಆಗಿಲ್ಲ ಮಾರಾಯ. ನಿನ್ನ ತಂತಿ ನೈಲಾನಿನದು, ಅಲ್ವಾ? ಗಿಟಾರಿನ ಪಿಕಪ್ ಅಂದರೆ ಅಯಸ್ಕಾಂತ, ಅದರ ಸುತ್ತ ಕೂದಲೆಳೆಯಂಥ ತಾಮ್ರದ ತಂತಿ. ಮೇಲೆ ಉಕ್ಕಿನ ತಂತಿ ಅಲುಗಿದರೆ ಮಾತ್ರ ಅಲ್ಲಿ ಕರೆಂಟು ಹುಟ್ಟುತ್ತದೆ. ನೈಲಾನ್ ಎಷ್ಟು ಕುಣಿದರೂ ಅಯಸ್ಕಾಂತಕ್ಕೆ ಗೊತ್ತೇ ಆಗುವುದಿಲ್ಲ.

ಹಾಗಂತ ಇದೇ ಯುಕುಲೆಲೆಗೆ ಉಕ್ಕಿನ ತಂತಿ ಬಿಗಿಯಬೇಡ. ಅದರ ತೆಳು ಮುಚ್ಚಳ ಆ ಎಳೆತಕ್ಕೆ ಮಾಡಿದ್ದಲ್ಲ, ಅದಕ್ಕೆ ಅಂಟಿಸಿ ತಂತಿ ಕಟ್ಟಿದ ಬ್ರಿಡ್ಜ್ ಕಿತ್ತು ಬರುತ್ತದೆ. ಉಕ್ಕೇ ಬೇಕಿದ್ದರೆ ಗಟ್ಟಿ ಹಲಗೆಯ ಬೇರೆ ವಾದ್ಯ ಕಟ್ಟು. ಅದಕ್ಕೆ ಬೇರೆ ತಂತಿ ಹುಡುಕುವುದೂ ಬೇಡ. ಟೆನರ್ ಯುಕುಲೆಲೆಯ ತಂತಿಯ ಉದ್ದ ಸುಮಾರು 17 ಇಂಚು, ಗಿಟಾರಿನದು 25.5. ಅಂದರೆ ಅದೇ ತಂತಿ, ಅದೇ ಬಿಗಿ, ಇಲ್ಲಿ ಒಂದೂವರೆ ಪಟ್ಟು ಮೇಲಿನ ಸ್ವರ ಕೊಡುತ್ತದೆ. ಗಿಟಾರಿನ 9ರ ಸೆಟ್ ತಗೋ (ಅದರ ಅತಿ ತೆಳು ತಂತಿ ಇಂಚಿನ ಸಾವಿರದಲ್ಲಿ 9 ಪಾಲು ದಪ್ಪ). 9ರ ತಂತಿ ಎ ಸ್ವರಕ್ಕೆ, 11ರದ್ದು ಇ ಸ್ವರಕ್ಕೆ, 16ರದ್ದು ಸಿ ಸ್ವರಕ್ಕೆ. ಮೇಲಿನ ಜಿ ಸ್ವರಕ್ಕೆ ಇನ್ನೊಂದು 11. ಎಲ್ಲವೂ ಬೆರಳಿಗೆ ಹಿತವಾಗಿ ಕೂರುತ್ತವೆ.

ಇಲ್ಲ, ಇರುವ ಯುಕುಲೆಲೆಗೇ ಕರೆಂಟು ಕೊಡಬೇಕು ಅಂದರೆ ಪೀಜೋ ಹಾಕು, ಅಂದರೆ ನಡುಕವನ್ನು ಕರೆಂಟು ಮಾಡುವ ಬಿಲ್ಲೆ. ಅದು ತಂತಿಯ ಜಾತಿ ಕೇಳುವುದಿಲ್ಲ, ನಡುಕ ಇದ್ದರೆ ಸಾಕು. ಪೀಜೋದ ಕಥೆ ಮುಂದಿನ ಉತ್ತರದಲ್ಲಿದೆ, ಓದು.

ಪ್ರಶ್ನೆ: ಲ್ಯಾಮಿಂಗ್ಟನ್ ರೋಡಿನಿಂದ ಪೀಜೋ ಬಿಲ್ಲೆ ತಂದು ಯುಕುಲೆಲೆ ಒಳಗೆ ಅಂಟಿಸಿದೆ. ಕಂಪ್ಯೂಟರ್ ಸ್ಪೀಕರಿಗೆ ನೇರ ಜೋಡಿಸಿದೆ. ಸದ್ದೇನೋ ಬರುತ್ತದೆ, ಆದರೆ ತಗಡು ಬಡಿದ ಹಾಗೆ. ಜೊತೆಗೆ ಝುಂಯ್ ಅನ್ನುವ ಶಬ್ದ ಬೇರೆ. ಒಳ್ಳೆ ಕಂಪನಿಯ ಬಿಲ್ಲೆ ತರಬೇಕಾ? (ಬ್ಯಾಂಕಿನಿಂದ ನಿವೃತ್ತರು, ಮಾಟುಂಗಾ)

ಉತ್ತರ: ಬೇಡ ಸಾರ್, ಇದೇ ಬಿಲ್ಲೆ ಸಾಕು. ಒಂದು ಕಟಿಂಗ್ ಚಹಾದ ದುಡ್ಡಿಗೆ ಸಿಗುವ 27 ಮಿಲಿಮೀಟರಿನ ಹಿತ್ತಾಳೆ ಬಿಲ್ಲೆಯಿಂದ ಕೇಳುವಂಥ ನಾದ ಬರುತ್ತದೆ. ತೊಂದರೆ ಇರುವುದು ಬಿಲ್ಲೆ ಮತ್ತು ಸ್ಪೀಕರ್ ನಡುವೆ.

ನೀವು ಬ್ಯಾಂಕಿನವರು, ಲೆಕ್ಕ ಇಷ್ಟ ಆಗಬಹುದು. ಪೀಜೋ ಬಿಲ್ಲೆ ಒಂದು ಪುಟ್ಟ ಕೆಪಾಸಿಟರ್ ಇದ್ದ ಹಾಗೆಯೇ ನಡೆದುಕೊಳ್ಳುತ್ತದೆ, ಸುಮಾರು 20 ನ್ಯಾನೋಫ್ಯಾರಡ್. ಮುಂದೆ 10 ಕಿಲೋ ಓಮ್‌ನ ಇನ್‌ಪುಟ್ ಇದ್ದರೆ, ಅವೆರಡೂ ಸೇರಿ ಸುಮಾರು 800 ಹರ್ಟ್ಸ್‌ನ ಕೆಳಗಿನದನ್ನೆಲ್ಲ ಸೋರಿಸಿಬಿಡುತ್ತವೆ. ನಿಮ್ಮ ಸಿ ತಂತಿ 262 ಹರ್ಟ್ಸ್. ಎ ತಂತಿ 440. ಅಂದರೆ ಬಿಟ್ಟ ನಾಲ್ಕೂ ತಂತಿಗಳ ಮೂಲ ಸ್ವರ ದಾರಿಯಲ್ಲೇ ಕಳೆದುಹೋಯಿತು. ಉಳಿದದ್ದು ಮೇಲಿನ ಕರಕರ ಮಾತ್ರ. ಅದೇ ನೀವು ಹೇಳುವ ತಗಡು. ಅದೇ ಜಾಗದಲ್ಲಿ 10 ಕಿಲೋ ಬದಲು 1 ಮೆಗಾ ಓಮ್ ಇಟ್ಟು ನೋಡಿ, ಸೋರಿಕೆ 8 ಹರ್ಟ್ಸ್‌ಗೆ ಇಳಿಯುತ್ತದೆ. ಅಷ್ಟು ಕೆಳಗೆ ಯುಕುಲೆಲೆಯಲ್ಲಿ ಏನೂ ಇಲ್ಲ.

ಆದ್ದರಿಂದ ನಡುವೆ ಒಂದು ಬಫರ್, ಅಂದರೆ ಸಿಗ್ನಲ್ಲನ್ನು ಸೋರದಂತೆ ದಾಟಿಸುವ ಪುಟ್ಟ ಸರ್ಕ್ಯೂಟ್, ಬೇಕು. ಟಿಎಲ್072 ಐಸಿ, ಅದರ ಇನ್‌ಪುಟ್ಟಿಗೆ 1 ಮೆಗಾ ರೆಸಿಸ್ಟರ್, 9 ವೋಲ್ಟ್ ಬ್ಯಾಟರಿ. ಒಂದು ಎಫ್‌ಇಟಿ ಟ್ರಾನ್ಸಿಸ್ಟರಿನಿಂದಲೂ ಆಗುತ್ತದೆ, ಆದರೆ ಐಸಿ ಹಾಕಿದರೆ ಹೊಂದಿಸುವ ತಲೆನೋವು ಕಡಿಮೆ. ಇದು ಬಿಲ್ಲೆಗೆ ಎಷ್ಟು ಹತ್ತಿರ ಇದ್ದರೆ ಅಷ್ಟು ಒಳ್ಳೆಯದು, ವಾದ್ಯದ ಒಳಗೇ ಇರಲಿ. ಬ್ಯಾಟರಿಗೆ ಬೇರೆ ಸ್ವಿಚ್ ಹಾಕಲು ಹೋಗಬೇಡಿ. ಸ್ಟಿರಿಯೋ ಜ್ಯಾಕ್ ಸಾಕೆಟ್ ತಂದು, ಬ್ಯಾಟರಿಯ ಮೈನಸ್ ತಂತಿಯನ್ನು ಅದರ ನಡುವಿನ ಕಾಲಿಗೆ ಬೆಸೆಯಿರಿ. ಮಾಮೂಲಿ ಮೋನೋ ಪಿನ್ ಚುಚ್ಚಿದಾಗ ಅದು ತಾನೇ ಗ್ರೌಂಡಿಗೆ ತಾಗಿ ಸರ್ಕ್ಯೂಟ್ ಆನ್ ಆಗುತ್ತದೆ, ಕಿತ್ತರೆ ಆಫ್. ನಮ್ಮಂಥ ಮರೆಗುಳಿಗಳಿಗೆ ಇದೇ ಸರಿ.

ಝುಂಯ್ ಅನ್ನುವುದು ಗೋಡೆಯ ವೈರಿಂಗಿನ 50 ಹರ್ಟ್ಸ್. ಬಿಲ್ಲೆಯಿಂದ ಬಫರಿಗೆ ಶೀಲ್ಡೆಡ್ ವೈರ್ ಹಾಕಿ, ಸರ್ಕ್ಯೂಟ್ ಕೂರುವ ಗೂಡಿನ ಒಳಗೋಡೆಗೆ ತಾಮ್ರದ ಟೇಪ್ ಹಚ್ಚಿ ಗ್ರೌಂಡಿಗೆ ಬೆಸೆಯಿರಿ. ಅಡುಗೆಮನೆಯ ಅಲ್ಯುಮಿನಿಯಂ ಹಾಳೆ ಹಚ್ಚಬಹುದು, ಆದರೆ ಅದಕ್ಕೆ ಬೆಸುಗೆ ಹಿಡಿಯುವುದಿಲ್ಲ. ಬೆಸುಗೆಯ ವಿಷಯ ಬಂತು ಅಂತ ಹೇಳಿಬಿಡುತ್ತೇನೆ: ಬಿಲ್ಲೆಯ ನಡುವಿನ ಬಿಳಿ ಭಾಗಕ್ಕೆ ಬಿಸಿ ಮೊನೆ ತಾಗಿಸಿದ ಕೂಡಲೇ ತೆಗೆಯಬೇಕು. ತಡವಾದರೆ ಬೆಳ್ಳಿಯ ಲೇಪ ಎದ್ದು ಬರುತ್ತದೆ.

ಪ್ರಶ್ನೆ: ನಮ್ಮ ಹಳೇ ಬಿಲ್ಡಿಂಗ್ ಒಡೆದಾಗ ಕಿಟಕಿಯ ಸಾಗವಾನಿ ಚೌಕಟ್ಟು ಎತ್ತಿಟ್ಟುಕೊಂಡಿದ್ದೇನೆ. ಅದರಿಂದ ಎಲೆಕ್ಟ್ರಿಕ್ ಯುಕುಲೆಲೆ ಮಾಡಬಹುದಾ? ಫ್ರೆಟ್‌ಗಳ ಅಳತೆ ಹೇಗೆ? (ಹೋಟೆಲ್ ಉದ್ಯೋಗಿ, ಭಾಂಡುಪ್)

ಉತ್ತರ: ಆ ಮರ ಬೇರೆ ಯಾರಿಗೂ ಕೊಡಬೇಡಿ! ಅಷ್ಟು ವರ್ಷ ಮುಂಬೈ ಮಳೆ ತಿಂದು, ಒಣಗಿ, ಬಾಗದೆ ನಿಂತ ಮರ ಇನ್ನು ಬಾಗುವುದಿಲ್ಲ. ಮೊಳೆ ಇದ್ದರೆ ಮೊದಲು ಕೀಳಿ, ಇಲ್ಲವಾದರೆ ಗರಗಸದ ಹಲ್ಲು ಹೋಗುತ್ತದೆ. ತೇಗದಲ್ಲಿ ಎಣ್ಣೆ ಅಂಶ ಇರುವುದರಿಂದ, ಹೊಸದಾಗಿ ಉಜ್ಜಿದ ಮುಖಕ್ಕೆ ತಡಮಾಡದೆ ಫೆವಿಕಾಲ್ ಹಚ್ಚಿ.

ಗಟ್ಟಿ ಹಲಗೆಗೆ ಯಾವ ಮರ ಅನ್ನುವುದರಿಂದ ನಾದ ಅಂಥ ಬದಲಾಗುವುದಿಲ್ಲ ಅಂತ ನಾನು ಯಾವತ್ತೂ ಹೇಳುತ್ತೇನೆ. ಅಳತೆ ತಪ್ಪಿದರೆ ಮಾತ್ರ ಯಾವ ಮರವೂ ಕಾಪಾಡುವುದಿಲ್ಲ.

ಫ್ರೆಟ್ ಅಂದರೆ ಕುತ್ತಿಗೆಯ ಮೇಲಿನ ಲೋಹದ ಅಡ್ಡಗೆರೆ. ಅದರ ಲೆಕ್ಕ ಸುಲಭ. ತಂತಿಯ ಉದ್ದವನ್ನು 17.817ರಿಂದ ಭಾಗಿಸಿ, ಬಂದದ್ದು ಮೊದಲ ಫ್ರೆಟ್. ಉಳಿದ ಉದ್ದವನ್ನು ಮತ್ತೆ 17.817ರಿಂದ ಭಾಗಿಸಿ, ಅದು ಮುಂದಿನ ಅಂತರ. ಹೀಗೇ ಹೋಗಿ. 430 ಮಿಲಿಮೀಟರ್ ಇಟ್ಟುಕೊಂಡರೆ, ಮೇಲಿನ ನಟ್‌ನಿಂದ (ಕುತ್ತಿಗೆಯ ತುದಿಯಲ್ಲಿ ತಂತಿ ಕೂರುವ ಪಟ್ಟಿ) ಮೊದಲ ಫ್ರೆಟ್ 24.1, ಎರಡನೆಯದು 46.9, ಐದನೆಯದು 107.9, ಏಳನೆಯದು 143, ಹನ್ನೆರಡನೆಯದು ಸರಿಯಾಗಿ ಅರ್ಧ, 215. ಗುರುತು ಹಾಕುವಾಗ ಪ್ರತಿಯೊಂದನ್ನೂ ನಟ್‌ನಿಂದಲೇ ಅಳೆಯಿರಿ. ಒಂದು ಫ್ರೆಟ್‌ನಿಂದ ಇನ್ನೊಂದಕ್ಕೆ ಅಳೆಯುತ್ತ ಹೋದರೆ ಸಣ್ಣ ಸಣ್ಣ ತಪ್ಪು ಕೂಡಿ ಕೊನೆಗೆ ಅಪಸ್ವರ. ಬ್ರಿಡ್ಜನ್ನು ಲೆಕ್ಕಕ್ಕಿಂತ ಒಂದೂವರೆ ಎರಡು ಮಿಲಿಮೀಟರ್ ಹಿಂದಕ್ಕಿಡಿ, ಏಕೆಂದರೆ ಬೆರಳು ಒತ್ತಿದಾಗ ತಂತಿ ಸ್ವಲ್ಪ ಎಳೆದು ಸ್ವರ ಏರುತ್ತದೆ.

ಆದರೂ ನನ್ನ ಮಾತು ಕೇಳುವುದಾದರೆ, ಮೊದಲ ಸಲ ಕುತ್ತಿಗೆ ಮಾಡಲು ಹೋಗಬೇಡಿ. ಪೆಟ್ಟಿಗೆ ಒಡೆದ ಯುಕುಲೆಲೆ ಎಲ್ಲಾದರೂ ಸಿಕ್ಕರೆ ಅದರ ಕುತ್ತಿಗೆ ತೆಗೆದು ನಿಮ್ಮ ಸಾಗವಾನಿಗೆ ಕೂರಿಸಿ, ನೈಲಾನ್ ತಂತಿಯೇ ಇರಲಿ. ಕೆಲಸ ಕಲಿತ ಮೇಲೆ ಎರಡನೆಯದಕ್ಕೆ ಎಲ್ಲ ನಿಮ್ಮದೇ.

ಪ್ರಶ್ನೆ: ಸ್ಯಾಡಲ್ (ಬ್ರಿಡ್ಜ್ ಮೇಲೆ ತಂತಿ ಆನುವ ಪಟ್ಟಿ) ಕೆಳಗೆ ಕಡ್ಡಿಯಂಥ ಪೀಜೋ ಹಾಕಿದ್ದೇನೆ. ಬಫರ್ ಇದೆ, ಶೀಲ್ಡ್ ಇದೆ. ಎ ತಂತಿ ಕಿರುಚುತ್ತದೆ, ಸಿ ತಂತಿ ಬಾಯೇ ಬಿಡುವುದಿಲ್ಲ. (ಫ್ಯಾಕ್ಟರಿ ಸೂಪರ್‌ವೈಸರ್, ಠಾಣೆ)

ಉತ್ತರ: ಇಷ್ಟು ದೂರ ಬಂದವರು ಬಹಳ ಜನ ಇಲ್ಲೇ ಕೈಚೆಲ್ಲಿ ಹೊಸ ಪೀಜೋ ಕೊಳ್ಳುತ್ತಾರೆ. ಸುಮ್ನೆ ದುಡ್ಡು ದಂಡ. ನಿಮ್ಮ ಸಿ ತಂತಿಯ ಕೆಳಗೆ ಸ್ಯಾಡಲ್ ಪೀಜೋಗೆ ಕೂತೇ ಇಲ್ಲ, ಅಷ್ಟೇ. ನಾನು ಸರ್ಕ್ಯೂಟಿಗೆ ಕೊಡುವುದಕ್ಕಿಂತ ಜಾಸ್ತಿ ಹೊತ್ತು ಈ ಎರಡಿಂಚಿನ ಬಿಳಿ ಪಟ್ಟಿಗೇ ಕೊಡುವುದು. ನನ್ನ ಹೆಂಡತಿಗೆ ಇದು ನಗೆಯ ವಿಷಯ.

ತಂತಿ ಸಡಿಲಿಸಿ ಸ್ಯಾಡಲ್ ಹೊರಗೆ ತೆಗೆಯಿರಿ. ಅದರ ತಳಕ್ಕೆ ಮಾರ್ಕರಿನಿಂದ ಕಪ್ಪು ಬಳಿಯಿರಿ. ಗಾಜಿನ ತುಂಡಿನ ಮೇಲೆ 320 ನಂಬರಿನ ಪಾಲಿಶ್ ಪೇಪರ್ ಇಟ್ಟು, ಸ್ಯಾಡಲನ್ನು ನೆಟ್ಟಗೆ ಹಿಡಿದು ಎರಡು ಸಲ ಮೆಲ್ಲಗೆ ಎಳೆಯಿರಿ. ತಿರುಗಿಸಿ ನೋಡಿ. ಎಲ್ಲಿ ಕಪ್ಪು ಉಳಿದಿದೆಯೋ ಅಲ್ಲಿ ಗುಂಡಿ ಇದೆ. ಬಹುಶಃ ಸಿ ತಂತಿಯ ಕಡೆಗೇ ಇರುತ್ತದೆ. ಕಪ್ಪು ಪೂರ್ತಿ ಹೋಗುವವರೆಗೆ ಉಜ್ಜಿ, ಆದರೆ ಕೈ ಒಂದು ಕಡೆ ವಾಲಬಾರದು. ಸ್ಯಾಡಲನ್ನು ಒಂದು ಚೌಕ ಮರದ ತುಂಡಿಗೆ ಆನಿಸಿ ಹಿಡಿದರೆ ವಾಲುವುದಿಲ್ಲ.

ಆಮೇಲೆ ಸ್ಯಾಡಲ್ ಕೂರುವ ಸೀಳಿನ ತಳ. ಅಲ್ಲಿ ಗರಗಸದ ಗೀರು, ಒಣಗಿದ ಅಂಟಿನ ಹನಿ, ಮರದ ಪುಡಿ ಇರುತ್ತದೆ. ಟಾರ್ಚ್ ಬಿಟ್ಟು ನೋಡಿ, ಚಪ್ಪಟೆ ಉಳಿಯಿಂದ ಕೆರೆಯಿರಿ. ಸ್ಯಾಡಲ್ ಸೀಳಿನೊಳಗೆ ಬಿಗಿಯಾಗಿ ಸಿಕ್ಕಿಕೊಳ್ಳಲೂಬಾರದು. ಸಿಕ್ಕಿದರೆ ಅದರ ಭಾರ ಪಕ್ಕದ ಗೋಡೆಗಳ ಮೇಲೆ ಹೋಗುತ್ತದೆ, ಪೀಜೋ ಮೇಲೆ ಬೀಳುವುದಿಲ್ಲ. ಬೆರಳಲ್ಲಿ ಎತ್ತಿದರೆ ಬರಬೇಕು, ಆದರೆ ವಾಲಬಾರದು. ತಂತಿ ಬಿಗಿದ ಮೇಲೆ ಉಗುರಿನಿಂದ ಸ್ಯಾಡಲ್ ಉದ್ದಕ್ಕೂ ಟಕ್ ಟಕ್ ತಟ್ಟುತ್ತ ಹೆಡ್‌ಫೋನಿನಲ್ಲಿ ಕೇಳಿ. ನಾಲ್ಕೂ ಕಡೆ ಒಂದೇ ಟಕ್ ಬಂದರೆ ಕೆಲಸ ಮುಗಿಯಿತು. ಕೆಲವರು ಕೆಳಗೆ ವಿಸಿಟಿಂಗ್ ಕಾರ್ಡಿನ ಚೂರು ತುರುಕುತ್ತಾರೆ. ಸದ್ದು ಬರುತ್ತದೆ, ನನಗೆ ಆ ಮೆತ್ತನೆಯ ನಾದ ಹಿಡಿಸುವುದಿಲ್ಲ.

ಪ್ರಶ್ನೆ: ಯುಕುಲೆಲೆ ಪೋರ್ಚುಗೀಸರದು, ಹಾಗಾಗಿ ಗೋವಾದ್ದೇ ಅಂತ ನಮ್ಮ ಬಾಡಿಗೆ ಮನೆಯ ಯಜಮಾನರು ವಾದಿಸುತ್ತಾರೆ. ನಿಜವಾ? (ವಾಸ್ಕೋದಿಂದ ಒಬ್ಬರು)

ಉತ್ತರ: ಅರ್ಧ ನಿಜ. 1879ರಲ್ಲಿ ಪೋರ್ಚುಗೀಸ್ ದ್ವೀಪ ಮಡೈರಾದಿಂದ ರೇವನ್ಸ್‌ಕ್ರಾಗ್ ಎಂಬ ಹಡಗಿನಲ್ಲಿ ಕೂಲಿಗೆ ಹೋದವರು ಹವಾಯಿಯ ಹೊನೊಲುಲು ತಲುಪಿದರು. ಅವರಲ್ಲಿದ್ದ ಮರಗೆಲಸದವರು ಊರಿನ ಪುಟ್ಟ ಗಿಟಾರನ್ನು ಅಲ್ಲಿನ ಕೋವಾ ಮರದಲ್ಲಿ ಮಾಡತೊಡಗಿದರು. ಯುಕುಲೆಲೆ ಹುಟ್ಟಿದ್ದು ಅಲ್ಲಿ, ಗೋವಾದಲ್ಲಲ್ಲ. ಇನ್ನೊಂದು ಮಾತೂ ಯಜಮಾನರಿಗೆ ಹೇಳಿ. ಮಾರಾಟಕ್ಕೆ ಬಂದ ಮೊದಮೊದಲ ಎಲೆಕ್ಟ್ರಿಕ್ ಗಿಟಾರು, ರಿಕನ್‌ಬ್ಯಾಕರ್ ಕಂಪನಿಯ 1930ರ ದಶಕದ ‘ಫ್ರೈಯಿಂಗ್ ಪ್ಯಾನ್’, ತೊಡೆಯ ಮೇಲಿಟ್ಟು ನುಡಿಸುವ ಹವಾಯಿ ಗಿಟಾರೇ. ಬಾಡಿಗೆ ಏರಿಸುವಷ್ಟು ಮಾತ್ರ ವಾದ ಮಾಡಬೇಡಿ.

ಪ್ರಶ್ನೆ: ಎಲೆಕ್ಟ್ರಿಕ್ ಯುಕುಲೆಲೆಯಲ್ಲಿ ಕರ್ನಾಟಕ ಸಂಗೀತ ನುಡಿಸಲು ಆಗುತ್ತದಾ? ಇಲ್ಲಿನ ನಮ್ಮ ಸಂಗೀತದ ಟೀಚರ್ ನಗುತ್ತಾರೆ. (ಐಟಿ ಉದ್ಯೋಗಿ, ಪುಣೆ)

ಉತ್ತರ: ಯು. ಶ್ರೀನಿವಾಸ್ ಎಲೆಕ್ಟ್ರಿಕ್ ಮ್ಯಾಂಡೊಲಿನ್ ಹಿಡಿದಾಗಲೂ ಜನ ಹುಬ್ಬೇರಿಸಿರಬೇಕು. ಮ್ಯಾಂಡೊಲಿನ್ನಿನ ನಾಲ್ಕು ಜೋಡಿ ತಂತಿ ಬಿಟ್ಟು ಐದು ಒಂಟಿ ತಂತಿ ಇಟ್ಟುಕೊಂಡು ಅವರು ಗಮಕ ತೆಗೆದರು. ಒಂಟಿ ಉಕ್ಕಿನ ತಂತಿಯನ್ನು ಪಕ್ಕಕ್ಕೆ ಎಳೆಯಬಹುದು, ಎಲೆಕ್ಟ್ರಿಕ್ ಆದ್ದರಿಂದ ಎಳೆದ ಸ್ವರ ಬೇಗ ಸಾಯುವುದಿಲ್ಲ. ನಿಮಗೂ ಅದೇ ದಾರಿ. ನೈಲಾನ್‌ನಲ್ಲಿ ಗಮಕ ಕಷ್ಟ.

ಸಿ ತಂತಿಯನ್ನು ಷಡ್ಜ ಅಂತ ಇಟ್ಟುಕೊಂಡು ಮಾಯಾಮಾಳವಗೌಳದ ಸರಳೆ ನುಡಿಸಿ. ಸಿ ತಂತಿ ಬಿಟ್ಟದ್ದು ಸ, ಅದರ ಮೊದಲ ಫ್ರೆಟ್ ರಿ. ಇ ತಂತಿ ಬಿಟ್ಟದ್ದು ಗ, ಒಂದನೇ ಫ್ರೆಟ್ ಮ, ಮೂರನೆಯದು ಪ, ನಾಲ್ಕನೆಯದು ದ. ಎ ತಂತಿಯ ಎರಡನೇ ಫ್ರೆಟ್ ನಿ, ಮೂರನೆಯದು ಮೇಲಿನ ಸ. ಟೀಚರಿಗೆ ಕೇಳಿಸಿ.

ಷಡ್ಜದ ಕೆಳಗೆ ಇಳಿಯಲು ಮಾತ್ರ ಮಾಮೂಲಿ ಯುಕುಲೆಲೆಯಲ್ಲಿ ಜಾಗ ಇಲ್ಲ, ಏಕೆಂದರೆ ಅದರ ಜಿ ತಂತಿ ಮೇಲಿನ ಸ್ಥಾಯಿಯದು. ಅದನ್ನು ತೆಗೆದು ಗಿಟಾರಿನ ನಾಲ್ಕನೇ ತಂತಿ, 9ರ ಸೆಟ್ಟಿನಲ್ಲಿ 24ರದ್ದು, ಹಾಕಿ ಒಂದು ಸ್ಥಾಯಿ ಕೆಳಗಿನ ಜಿಗೆ ಶ್ರುತಿ ಮಾಡಿ. ಮಂದ್ರ ಪಂಚಮದವರೆಗೆ ಇಳಿಯಬಹುದು. ಆ ತಂತಿ ದಪ್ಪ, ನಟ್‌ನ ಸೀಳನ್ನು ಅದಕ್ಕೆ ತಕ್ಕಂತೆ ಸಣ್ಣ ಅರದಿಂದ ಅಗಲ ಮಾಡಿಕೊಳ್ಳಿ. ಆಳ ಮಾತ್ರ ಹೆಚ್ಚಿಸಬೇಡಿ, ತಂತಿ ಮೊದಲ ಫ್ರೆಟ್‌ಗೆ ತಾಗಿ ಜುಯ್ ಅನ್ನುತ್ತದೆ.