ಹಳ್ಳಕ್ಕೆ ಗಪ್ಪಿ ಬಿಡುವ ಮೊದಲು ಮನೌಸ್ ಕಥೆ ಕೇಳಿ

ಸರ್, ನೀವು ಎರಡು ವಿಷಯ ಕೇಳಿದ್ದೀರಿ. ಅಮೆಜಾನ್‌ನಂಥ ದೊಡ್ಡ ಕಾಡಿನ ನಡುವೆ ಒಂದು ಊರು ಬೆಳೆದರೆ ಮೀನಿಗೆ ಏನು ತೊಂದರೆ ಅಂತ ಒಂದು. ಅಕ್ವೇರಿಯಂನಲ್ಲಿ ಹೆಚ್ಚಾದ ಗಪ್ಪಿ ಮೀನುಗಳನ್ನು ಸೊಳ್ಳೆ ಕಡಿಮೆಯಾಗಲಿ ಅಂತ ಮನೆ ಹಿಂದಿನ ಹಳ್ಳಕ್ಕೆ ಬಿಡಬಹುದಾ ಅಂತ ಇನ್ನೊಂದು. ದಯವಿಟ್ಟು ಬಿಡಬೇಡಿ. ಯಾಕೆ ಅನ್ನುವುದಕ್ಕೆ ನಿಮ್ಮ ಮೊದಲ ಪ್ರಶ್ನೆಯಲ್ಲೇ ಉತ್ತರವಿದೆ.

ಅಮೆಜಾನ್ ಕಾಡಿನ ನಡುವೆ ಬೆಳೆದ ಬ್ರೆಜಿಲ್‌ನ ಮನೌಸ್ ಊರು ರಿಯೊ ನೀಗ್ರೊ ನದಿಯ ದಡದಲ್ಲಿದೆ. 1967ರಲ್ಲಿ ತೆರಿಗೆ ರಿಯಾಯಿತಿ ಕೊಟ್ಟು ಕಾರ್ಖಾನೆಗಳನ್ನು ಕರೆದರು. 1970ರಲ್ಲಿ ಸುಮಾರು 3 ಲಕ್ಷ ಇದ್ದ ಜನ 2022ಕ್ಕೆ 20 ಲಕ್ಷ ದಾಟಿದರು. ಊರ ತುಂಬಾ ಸಣ್ಣ ಹಳ್ಳಗಳಿವೆ, ಅವಕ್ಕೆ ಅಲ್ಲಿ ಇಗರಪೆ ಅಂತಾರೆ.

ಕಾಡಿನೊಳಗಿನ ಇಗರಪೆಗೆ ಬಿಸಿಲು ಬೀಳುವುದೇ ಅಪರೂಪ. ತಳದಲ್ಲಿ ಮರಳು, ಅದರ ಮೇಲೆ ಕೊಳೆತ ಎಲೆ. ನೀರು ಸುಮಾರು 25 ಡಿಗ್ರಿ, ಪಿಎಚ್ 5ರ ಆಸುಪಾಸು, ಅಂದರೆ ಆಮ್ಲೀಯ ನೀರು. ಟಿಡಿಎಸ್, ಅಂದರೆ ನೀರಲ್ಲಿ ಕರಗಿದ ಲವಣಗಳ ಪ್ರಮಾಣ, ಇಲ್ಲವೇನೋ ಅನ್ನುವಷ್ಟು ಕಡಿಮೆ. ಮರದಿಂದ ಉದುರುವ ಇರುವೆ, ಹುಳುಗಳೇ ಎಷ್ಟೋ ಮೀನಿಗೆ ಊಟ. ಈಗ ದಡದ ಮರ ಕಡಿಯಿರಿ. ಊಟ ನಿಂತಿತು, ನೀರು ಬಿಸಿಯಾಯಿತು. ಮೇಲಿಂದ ಮನೆಗಳ ಚರಂಡಿ ನೀರು ಬಂತು, ಸಿಮೆಂಟ್ ತೊಳೆದ ನೀರು ಬಂತು, ಪಿಎಚ್ ಏರಿತು. ಆ ಕೊಳಕು ಕೊಳೆಯುವಾಗ ಆಮ್ಲಜನಕ ಇಳಿಯಿತು. ಕಾಡಿನ ಮೀನುಗಳು ಒಂದೊಂದಾಗಿ ಮಾಯವಾಗುತ್ತವೆ. ಆ ಜಾಗಕ್ಕೆ ಬಂದವರು ಯಾರು ಗೊತ್ತಾ? ಗಪ್ಪಿ ಮತ್ತು ತಿಲಾಪಿಯಾ. ಎರಡೂ ಮನುಷ್ಯರು ತಂದು ಬಿಟ್ಟ ಮೀನು.

ಊರಂಚಿನಲ್ಲೇ 100 ಚದರ ಕಿಲೋಮೀಟರ್‌ನ ಡಕ್ಕಿ ಮೀಸಲು ಕಾಡಿದೆ. ಒಳಗಿನ ಹಳ್ಳಗಳಲ್ಲಿ ಇನ್ನೂ ಹಳೆಯ ಮೀನುಗಳಿವೆ. ಮೀನಷ್ಟೇ ಅಲ್ಲ, ಮನೌಸ್ ಸುತ್ತಮುತ್ತ ಬಿಟ್ಟು ಬೇರೆಲ್ಲೂ ಇಲ್ಲದ ಪೈಡ್ ಟ್ಯಾಮರಿನ್ ಅನ್ನುವ ಪುಟ್ಟ ಕೋತಿ ಇದೆ. ಕಾಡು ತುಂಡುತುಂಡಾಗಿ ಅದು ರಸ್ತೆಯಲ್ಲಿ, ಕರೆಂಟ್ ತಂತಿಯಲ್ಲಿ ಸಾಯುತ್ತಿದೆ. ನನಗೆ ತುಂಬಾ ಸಂಕಟವಾಗುವುದು ಇದನ್ನು ನೋಡಿ.

ಈಗ ನಿಮ್ಮ ಹಳ್ಳಕ್ಕೆ ಬರೋಣ. ಗಪ್ಪಿ ಬಿಟ್ಟರೆ ಅಲ್ಲೂ ಹೀಗೇ ಬೇರೂರಬಹುದು, ಅದಕ್ಕೇ ಬೇಡ ಅಂದದ್ದು. ಅದರ ಬದಲು ಹಳ್ಳ ಹೇಗಿದೆ ಅಂತ ನೋಡಿ. ಅಕ್ವೇರಿಯಂ ಇಟ್ಟವರ ಹತ್ತಿರ ಥರ್ಮಾಮೀಟರ್, ಪಿಎಚ್ ಕಿಟ್, ಟಿಡಿಎಸ್ ಮೀಟರ್ ಇದ್ದೇ ಇರುತ್ತೆ ಅಲ್ವಾ? ಮನೆಗಳಿಗಿಂತ ಮೇಲೆ ಒಂದು ಕಡೆ, ಕೆಳಗೆ ಒಂದು ಕಡೆ, ಒಂದೇ ಹೊತ್ತಿಗೆ ಅಳೆಯಿರಿ. ಕೆಳಗೆ ಟಿಡಿಎಸ್ ಜಾಸ್ತಿ ಬಂದರೆ ನಡುವೆ ಎಲ್ಲೋ ಬಚ್ಚಲ ನೀರು ಸೇರುತ್ತಿರಬಹುದು, ನಡೆದುಕೊಂಡು ಹೋಗಿ ಹುಡುಕಿ. ಬೆಳಗಿನ ಜಾವ ಮೀನುಗಳು ಮೇಲೆ ಬಂದು ಬಾಯಿ ಆಡಿಸುತ್ತಿದ್ದರೆ ಆಮ್ಲಜನಕ ಸಾಲುತ್ತಿಲ್ಲ ಅಂತ ಲೆಕ್ಕ. ದಡದ ಮರ, ಪೊದೆ ಕಡಿಸಬೇಡಿ. ಬಿದ್ದ ಎಲೆಯನ್ನು ಬಳಿದು ಸ್ವಚ್ಛ ಮಾಡಲೂ ಹೋಗಬೇಡಿ. ಗಾರೆ ಕೆಲಸದ ಬಾಂಡ್ಲಿ ಅಲ್ಲಿ ತೊಳೆಯದಂತೆ ಕೆಲಸದವರಿಗೆ ಹೇಳಿ.

ಸೊಳ್ಳೆಗೆ ಅಂತಲೇ ಆದರೆ, ಹಳ್ಳದಲ್ಲಿ ನೆತ್ತಿಯ ಮೇಲೆ ಬಿಳಿ ಚುಕ್ಕಿ ಇರುವ ನಮ್ಮ ಕಿಲ್ಲಿಫಿಶ್ ಇದೆಯಾ ನೋಡಿ. ಅದು ಸೊಳ್ಳೆ ಮರಿಯನ್ನು ಚೆನ್ನಾಗಿ ತಿನ್ನುತ್ತದೆ.

ಹೆಚ್ಚಾದ ಗಪ್ಪಿಗಳ ಫೋಟೋವನ್ನು ಅಕ್ವೇರಿಯಂ ಇಟ್ಟವರಿಗೆ ಕಾಣುವಂತೆ ಹಾಕಿ, ತಗೊಳ್ಳುವವರು ಸಿಗುತ್ತಾರೆ. ಇವತ್ತೇ ಗಂಡು, ಹೆಣ್ಣು ಬೇರೆ ಟ್ಯಾಂಕಿಗೆ ಹಾಕಿ. ಬೇರೆ ಮಾಡಿದ ಮೇಲೂ ಹೆಣ್ಣುಗಳು ಕೆಲವು ತಿಂಗಳು ಮರಿ ಹಾಕುತ್ತವೆ, ಗಾಬರಿಯಾಗಬೇಡಿ.